ತರ್ಟಿ ಫಾರ್ಟಿ ಸೈಟಿನಲ್ಲಿ ಪೈಥಾಗೊರಸ್

ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಕಟ್ಟಿಸಲು ಹೊರಟವರ ಬಾಯಲ್ಲಿ ಮೊದಲು ಬರುವ ಮಾತು ‘ತರ್ಟಿ ಫಾರ್ಟಿ’. 30 ಅಡಿ ಅಗಲ, 40 ಅಡಿ ಉದ್ದದ ಸೈಟು. ಅದರ ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದರೆ ಸರಿಯಾಗಿ 50 ಅಡಿ ಬರಬೇಕು. ಬರದಿದ್ದರೆ ಸೈಟು ಎಲ್ಲೋ ವಾರೆಯಾಗಿದೆ. ಲಂಬಕೋನ ತ್ರಿಭುಜದ ಎರಡು ಚಿಕ್ಕ ಬಾಹುಗಳ ವರ್ಗ ಕೂಡಿದರೆ ಉದ್ದ ಬಾಹುವಿನ, ಅಂದರೆ ವಿಕರ್ಣದ, ವರ್ಗ ಬರುತ್ತದೆ ಎನ್ನುವುದು ಪೈಥಾಗೊರಸ್ ಪ್ರಮೇಯ. 7ನೇ, 8ನೇ ತರಗತಿಗೆ ಅದನ್ನು ಕಲಿಸುವವರಿಗೆ ತರಬೇತಿಯಲ್ಲಿ ನಾನು ಹೇಳುವುದು ಈ ಸೈಟಿನ ಮಾತನ್ನೇ. ಇಲ್ಲಿಂದ ಶುರು ಮಾಡಿ, ಗ್ರೀಸಿಗೆ ಆಮೇಲೆ ಹೋಗೋಣ.

ಸಾಮಾನ್ಯವಾಗಿ ನಡೆಯುವುದು ಬೇರೆ. ಮೊದಲ ಐದು ನಿಮಿಷ ಗಡ್ಡದ ಪೈಥಾಗೊರಸನ ಚಿತ್ರ, ಹುಟ್ಟಿದ ಊರು, ಖುಷಿಯಲ್ಲಿ ಎತ್ತು ಬಲಿ ಕೊಟ್ಟ ಕಥೆ. ಆಮೇಲೆ ಸೂತ್ರ, ಅದರ ಹಿಂದೆ ಲೆಕ್ಕಗಳು. ಇತಿಹಾಸ ಅಲ್ಲಿಗೆ ಮುಗಿಯಿತು. ಎತ್ತಿನ ಕಥೆಯನ್ನು ಬಿಟ್ಟರೇ ಒಳ್ಳೆಯದು. ಪೈಥಾಗೊರಸ್ ಇದ್ದದ್ದು ಕ್ರಿ.ಪೂ. 6ನೇ ಶತಮಾನದಲ್ಲಿ. ಆತ ಬರೆದದ್ದು ಒಂದಕ್ಷರವೂ ನಮಗೆ ಸಿಕ್ಕಿಲ್ಲ. ಈ ಕಥೆಗಳೆಲ್ಲ ನೂರಾರು ವರ್ಷ ಆದಮೇಲೆ ಬರೆದವು. ದೇವರ ಪೀಠಕ್ಕೂ ರಕ್ತ ತಾಗಿಸದವನು ಎತ್ತು ಕಡಿದನೇ ಅಂತ ರೋಮಿನ ಸಿಸೆರೊ ಆಗಲೇ ಅನುಮಾನ ಪಟ್ಟಿದ್ದ. ಈಜಿಪ್ಟಿನವರು 12 ಗಂಟಿನ ಹಗ್ಗದಿಂದ ಪಿರಮಿಡ್ಡಿನ ಮೂಲೆ ಹಾಕಿದರು ಎನ್ನುವ ಕಥೆಯೂ ಹಾಗೇ. ಹಗ್ಗ ಹಿಡಿದು ಅಳೆಯುವವರು ಅಲ್ಲಿದ್ದದ್ದು ನಿಜ. ಆದರೆ ಅವರು 3-4-5 ಬಳಸಿದರು ಎಂಬುದು 19ನೇ ಶತಮಾನದ ಜರ್ಮನ್ ಇತಿಹಾಸಕಾರ ಮೊರಿಟ್ಸ್ ಕಾಂಟರ್ ಮಾಡಿದ ಊಹೆ.

ಹಗ್ಗ ಮಾತ್ರ ಬೇಕೇ ಬೇಕು. ಸಮ ಅಂತರದಲ್ಲಿ ಗುರುತು ಹಾಕಿ, 12 ಭಾಗ ಬರುವಂತೆ ಎರಡೂ ತುದಿ ಕೂಡಿಸಿ ಗಂಟು ಹಾಕಿ. ಮೂವರು ಮಕ್ಕಳು 3, 4, 5 ಭಾಗ ಬಿಟ್ಟು ಹಿಡಿದು ಬಿಗಿಯಾಗಿ ಎಳೆಯಲಿ. ಒಂದು ಮೂಲೆ ತಾನಾಗಿಯೇ ಲಂಬಕೋನ ಆಗುತ್ತದೆ. ನಮ್ಮ ಕಡೆಯ ಯಾವುದೇ ಸರಕಾರಿ ಶಾಲೆಯಲ್ಲಿ ಇದನ್ನು ಮಾಡಿಸಿ, ಕನಿಷ್ಠ ಒಂದು ಮಗುವಾದರೂ ಹೇಳುತ್ತದೆ: “ಸರ, ನಮ್ಮಪ್ಪ ಗೌಂಡಿ ಅದಾನ್ರಿ. ಪಾಯ ಹಾಕುವಾಗ ಹಿಂಗ ಮಾಡ್ತಾನ್ರಿ.” ಆ ಮಗುವನ್ನು ಮುಂದೆ ಕರೆದು ವಿವರಿಸಲು ಬಿಡಿ.

ಇಲ್ಲೊಂದು ಸೂಕ್ಷ್ಮ ಇದೆ. ಗೌಂಡಿ ಬಳಸುವುದು ಪ್ರಮೇಯವನ್ನಲ್ಲ, ಅದರ ವಿಲೋಮವನ್ನು. ಮೂಲೆ ಲಂಬವಾಗಿದ್ದರೆ ಅಳತೆ ಹೀಗೆ ಕೂಡುತ್ತದೆ ಎನ್ನುವುದು ಪ್ರಮೇಯ. ಅಳತೆ ಹೀಗೆ ಕೂಡಿದರೆ ಮೂಲೆ ಲಂಬವಾಗಿರುತ್ತದೆ ಎನ್ನುವುದು ವಿಲೋಮ. ಕ್ರಿ.ಪೂ. 300ರ ಹೊತ್ತಿಗೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಇವೆರಡನ್ನೂ ಬೇರೆಬೇರೆಯಾಗಿ ಸಾಧಿಸಿದ, ಅಂದರೆ ಯಾಕೆ ನಿಜ ಅಂತ ತರ್ಕದಿಂದ ತೋರಿಸಿದ. ಅವನ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಭಾಗದಲ್ಲಿ 47ನೆಯದು ಪ್ರಮೇಯ, 48ನೆಯದು ವಿಲೋಮ. ಎರಡೂ ಒಂದೇ ಅಲ್ವಾ ಅಂತ ಮಕ್ಕಳು ಕೇಳುತ್ತಾರೆ. ‘ಮಳೆ ಬಂದರೆ ಅಂಗಳ ಒದ್ದೆ’ ಎನ್ನುವುದನ್ನು ತಿರುವಿ ಹೇಳಿಸಿ ನೋಡಿ, ತಾವೇ ಸುಮ್ಮನಾಗುತ್ತಾರೆ.

ಮುಂದಿನ ಪೀರಿಯಡ್‌ಗೆ ಹಳೆಯ ಲಗ್ನಪತ್ರಿಕೆ ತರಲು ಹೇಳಿ. ದಪ್ಪ ಕಾಗದ, ಚೆನ್ನಾಗಿ ಕತ್ತರಿಸಬಹುದು. 3 ಮತ್ತು 4 ಸೆಂಟಿಮೀಟರ್ ಬಾಹುಗಳ ನಾಲ್ಕು ಲಂಬಕೋನ ತ್ರಿಭುಜ ಮಾಡಿಸಿ. 7 ಸೆಂಟಿಮೀಟರಿನ ಒಂದು ಚೌಕ ಬರೆದು, ಅದರ ನಾಲ್ಕು ಮೂಲೆಗೆ ತ್ರಿಭುಜಗಳನ್ನು ಸುತ್ತಲೂ ಒಂದೇ ರೀತಿ ಕೂರಿಸಬೇಕು. ನಡುವೆ ಓರೆಯಾಗಿ ನಿಂತ ಖಾಲಿ ಜಾಗ ಉಳಿಯುತ್ತದೆ. ದೊಡ್ಡ ಚೌಕದ ವಿಸ್ತೀರ್ಣ 49. ಒಂದೊಂದು ತ್ರಿಭುಜ 6, ನಾಲ್ಕೂ ಸೇರಿ 24. ಉಳಿದದ್ದು 25, ಅಂದರೆ 5ರ ವರ್ಗ. ಈಗ ಅದೇ ತ್ರಿಭುಜಗಳನ್ನು ಬೇರೆ ರೀತಿ ಜೋಡಿಸಿ, ವಿಕರ್ಣಗಳು ಹೊರಗೆ ಬರುವ ಹಾಗೆ. ನಡುವೆ 1 ಸೆಂಟಿಮೀಟರಿನ ಪುಟ್ಟ ಚೌಕ ಖಾಲಿ ಉಳಿಯುತ್ತದೆ. 24ಕ್ಕೆ 1 ಕೂಡಿಸಿದರೆ ಮತ್ತೆ 25. ಚೀನಾದ ಹಳೆಯ ಗ್ರಂಥದ ಚಿತ್ರದಲ್ಲೂ, 12ನೇ ಶತಮಾನದ ನಮ್ಮ ಭಾಸ್ಕರಾಚಾರ್ಯರ ಬೀಜಗಣಿತದಲ್ಲೂ ಇರುವ ಯುಕ್ತಿ ಇದೇ.

ಇಲ್ಲಿ ಅವಸರ ಮಾಡಬೇಡಿ. ನಡುವಿನ ಓರೆ ಆಕಾರ ಚೌಕವೇ ಅಂತ ಹೇಗೆ ಗೊತ್ತು? ಬಹಳ ಮಕ್ಕಳು “ಕಾಣಿಸ್ತದಲ್ರಿ ಸರ” ಎನ್ನುತ್ತಾರೆ. ಕಂಡರೆ ಸಾಲದು. ನಾಲ್ಕು ಬಾಹು ಸಮ ಅಂದ ಮಾತ್ರಕ್ಕೆ ಚೌಕ ಆಗುವುದಿಲ್ಲ, ಜಗ್ಗಿದ ಮಂಚದ ಚೌಕಟ್ಟಿಗೂ ಬಾಹು ಬದಲಾಗುವುದಿಲ್ಲ. ಒಂದು ಗೆರೆಯ ಮೇಲೆ ತ್ರಿಭುಜದ ಎರಡು ಚಿಕ್ಕ ಕೋನಗಳು ಈಚೆಗೊಂದು ಆಚೆಗೊಂದು ಕೂತಿವೆ. ಅವೆರಡೂ ಸೇರಿ 90 ಡಿಗ್ರಿ. ಒಟ್ಟು 180ರಲ್ಲಿ ಉಳಿಯುವುದು 90. ಇದನ್ನು ಮಗು ತಾನೇ ಹೇಳಿದ ಕ್ಷಣಕ್ಕೆ ಅದು ಸಾಧನೆ ಮಾಡಲು ಶುರು ಮಾಡಿತು ಅಂತ ಲೆಕ್ಕ. ಸಂಖ್ಯೆಗಳ ಜಾಗದಲ್ಲಿ ಅಕ್ಷರ ಹಾಕುವುದು 8ನೇ ತರಗತಿಯಲ್ಲಾದರೂ ನಡೆಯುತ್ತದೆ.

ಈಗ ಇತಿಹಾಸ ತನ್ನಿ. ಮಕ್ಕಳ ಮೊದಲ ಪ್ರಶ್ನೆ ಗೊತ್ತೇ ಇದೆ: “ಮೊದ್ಲು ಕಂಡುಹಿಡಿದವರು ಯಾರ್ರಿ? ನಮ್ಮವರ ಹೌದಲ್ರಿ?” ಇದನ್ನು ಓಟದ ಪಂದ್ಯ ಮಾಡಿದರೆ ಪಾಠ ಕೆಡುತ್ತದೆ. ಗ್ರೀಸ್ ಅಂದರೂ ಕೆಡುತ್ತದೆ, ಭಾರತ ಅಂದರೂ ಕೆಡುತ್ತದೆ. ನಾನು ಒಂದು ಪ್ರಶ್ನೆಯನ್ನು ಮೂರಾಗಿ ಒಡೆಯುತ್ತೇನೆ. ಇಂಥ ಸಂಖ್ಯೆಗಳು ಯಾರಿಗೆ ಗೊತ್ತಿದ್ದವು? ಎಲ್ಲ ಆಯತಕ್ಕೂ ಹೀಗೇ ಅಂತ ನಿಯಮವಾಗಿ ಯಾರು ಹೇಳಿದರು? ಯಾಕೆ ಹೀಗೆ ಅಂತ ಯಾರು ತೋರಿಸಿದರು?

ಮೊದಲನೆಯದಕ್ಕೆ ಇರಾಕಿನ ಮಣ್ಣಿನ ಹಲಗೆ ಇದೆ. ಪ್ಲಿಂಪ್ಟನ್ 322 ಅಂತ ಅದರ ಹೆಸರು, ಸುಮಾರು ಕ್ರಿ.ಪೂ. 1800ರದ್ದು, ಈಗ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದೆ. 15 ಸಾಲುಗಳಲ್ಲಿ ಆಯತದ ಚಿಕ್ಕ ಬಾಹು ಮತ್ತು ಕರ್ಣಗಳ (ಮೂಲೆಯಿಂದ ಎದುರು ಮೂಲೆಗೆ ಎಳೆದ ಗೆರೆ) ಪಟ್ಟಿ. ಒಂದು ಸಾಲಿನಲ್ಲಿ 45 ಮತ್ತು 75 ಇದೆ. ಉಳಿದ ಬಾಹು 60 ಅಂತ ಮಕ್ಕಳೇ ತೆಗೆಯುತ್ತಾರೆ, ನಮ್ಮ ಸೈಟಿನದೇ ಅಳತೆಯ ಒಂದೂವರೆ ಪಟ್ಟು ಅಂತಲೂ ಗುರುತಿಸುತ್ತಾರೆ. ಇನ್ನೊಂದು ಸಾಲಿನಲ್ಲಿ 4601 ಮತ್ತು 6649. ಇದರ ಮೂರನೇ ಬಾಹು 4800. ಸುಮ್ನೆ ಅಳೆದು ನೋಡಿ ಇಂಥ ಸಂಖ್ಯೆ ಸಿಗುವುದಿಲ್ಲ. ಬರೆದವನ ಕೈಯಲ್ಲಿ ಒಂದು ವಿಧಾನ ಇದ್ದೇ ಇರಬೇಕು.

ಎರಡನೆಯದಕ್ಕೆ ಪ್ರಾಚೀನ ಭಾರತದ ಬೌಧಾಯನ. ಅವನ ಶುಲ್ಬಸೂತ್ರ (ಹಗ್ಗ ಹಿಡಿದು ಯಜ್ಞವೇದಿ ಅಳೆಯುವ ನಿಯಮಗಳ ಗ್ರಂಥ) ಕ್ರಿ.ಪೂ. 800ರಿಂದ 500ರ ನಡುವಿನದು ಅಂತ ವಿದ್ವಾಂಸರ ಅಂದಾಜು. ಆಯತದ ಕರ್ಣಕ್ಕೆ ಹಿಡಿದ ಹಗ್ಗದ ಮೇಲಿನ ಚೌಕ, ಉದ್ದ ಮತ್ತು ಅಗಲದ ಮೇಲಿನ ಎರಡು ಚೌಕ ಸೇರಿದಷ್ಟು ಎನ್ನುವುದು ಅವನ ಮಾತಿನ ತಿರುಳು. ಗಮನಿಸಿ, ತ್ರಿಭುಜದ ಮಾತೇ ಇಲ್ಲ, ಇರುವುದು ಸೈಟಿನಂಥ ಆಯತ. ಯಜ್ಞದ ವೇದಿ ಕಟ್ಟುವಾಗ ಎರಡು ಚೌಕಗಳನ್ನು ಕೂಡಿಸಿ ಅಷ್ಟೇ ವಿಸ್ತೀರ್ಣದ ಒಂದು ಚೌಕ ಮಾಡಬೇಕಿತ್ತು. ಅದಕ್ಕೆ ಈ ನಿಯಮ ಬೇಕಾಯಿತು. ಸಾಮಾನ್ಯ ನಿಯಮವಾಗಿ ಹೇಳಿದ ಮಾತುಗಳಲ್ಲಿ ಇದು ಬಹಳ ಹಳೆಯದು. ಆದರೆ ಸೂತ್ರದಲ್ಲಿ ಸಾಧನೆ ಇಲ್ಲ, ಅದನ್ನೂ ಮಕ್ಕಳಿಗೆ ಹೇಳಬೇಕು. ಮಣ್ಣಿನ ಹಲಗೆ ಇದಕ್ಕಿಂತ ಸುಮಾರು ಸಾವಿರ ವರ್ಷ ಹಿಂದಿನದು ಎನ್ನುವುದನ್ನೂ ಮುಚ್ಚಿಡಬಾರದು. ಮೂರನೆಯ ಪ್ರಶ್ನೆಗೆ ಯೂಕ್ಲಿಡ್ ಆಗಲೇ ಬಂದುಹೋಗಿದ್ದಾನೆ.

ನಮ್ಮ ನಾಡಿನ ಹೆಸರು ಬೇಕು ಅಂತ ಮಕ್ಕಳು ಹಟ ಹಿಡಿದರೆ ಮಹಾವೀರಾಚಾರ್ಯ ಇದ್ದಾನೆ. ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದವನು. ಎರಡು ಸಂಖ್ಯೆ ತೆಗೆದುಕೊಂಡು ಇಂಥ ಆಯತ ಹುಟ್ಟಿಸುವ ವಿಧಾನ ಅದರಲ್ಲಿದೆ. ವರ್ಗಗಳ ವ್ಯತ್ಯಾಸ ಒಂದು ಬಾಹು, ಗುಣಲಬ್ಧದ ಎರಡರಷ್ಟು ಇನ್ನೊಂದು ಬಾಹು, ವರ್ಗಗಳ ಮೊತ್ತ ಕರ್ಣ. 2 ಮತ್ತು 1 ಕೊಟ್ಟರೆ 3, 4, 5. 3 ಮತ್ತು 2 ಕೊಟ್ಟರೆ 5, 12, 13. ವಿಧಾನ ಅವನಿಗೂ ಮೊದಲೇ ಯೂಕ್ಲಿಡ್ ಮತ್ತು ಬ್ರಹ್ಮಗುಪ್ತರಿಗೆ ಗೊತ್ತಿತ್ತು. ಆದರೂ ಗಣಿತದ ಪೀರಿಯಡ್ ಮುಗಿದರೂ ಮಕ್ಕಳು ಬಿಡದೆ ಆಡುವ ಆಟ ಇದು.

ಬೌಧಾಯನ ಉದಾಹರಣೆಗೆ ಆರು ಜೋಡಿ ಕೊಡುತ್ತಾನೆ: 3 ಮತ್ತು 4, 12 ಮತ್ತು 5, 15 ಮತ್ತು 8, 7 ಮತ್ತು 24, 12 ಮತ್ತು 35, 15 ಮತ್ತು 36. ಇವನ್ನು ಬೋರ್ಡಿನ ಮೇಲೆ ಬರೆದು, ಪ್ರತಿಯೊಂದೂ ಮಹಾವೀರನ ವಿಧಾನದಲ್ಲಿ ಯಾವ ಎರಡು ಪೂರ್ಣ ಸಂಖ್ಯೆಯಿಂದ ಬರುತ್ತದೆ ಅಂತ ಹುಡುಕಲು ಬಿಡಿ. ಐದು ಸಿಗುತ್ತವೆ. 15 ಮತ್ತು 36 ಎಷ್ಟು ಒದ್ದಾಡಿದರೂ ಸಿಗುವುದಿಲ್ಲ. ಯಾಕೆ ಅಂತ ನೀವು ಹೇಳಬೇಡಿ. ಅದು 5 ಮತ್ತು 12ರ ಮೂರು ಪಟ್ಟು ಅಂತ ಕಂಡುಹಿಡಿಯುವ ಮಗು ಮರುದಿನವಾದರೂ ಬಂದು ಹೇಳುತ್ತದೆ.