ಬೆಸ ನಿನಗೆ, ಸಮ ನನಗೆ

ಜೋಡಿಸಿದ ಎರಡು ಡೇಟಾಬೇಸ್ ಸರ್ವರ್‌ಗಳಲ್ಲಿ ದಾಖಲೆಗಳು ಡಬಲ್ ಆದರೆ ಎಲ್ಲರೂ ಮೊದಲು ಬೈಯುವುದು ನೆಟ್‌ವರ್ಕನ್ನು. ಪಾಪ, ಅದರ ತಪ್ಪೇನೂ ಇರುವುದಿಲ್ಲ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಸಾಮಾನ್ಯ ರೆಪ್ಲಿಕೇಶನ್‌ನಲ್ಲಿ (ಒಂದರ ಬರಹವನ್ನು ಇನ್ನೊಂದಕ್ಕೆ ನಕಲಿಸುವ ಏರ್ಪಾಡಿನಲ್ಲಿ) ಸರ್ವರ್ ಮೊದಲು ತನ್ನಲ್ಲಿ ಕಮಿಟ್ ಮಾಡಿ, ಅಂದರೆ ಬರಹವನ್ನು ಖಾಯಂ ಮಾಡಿ, ಆಮೇಲೆ ಬೈನರಿ ಲಾಗ್ ಎಂಬ ಬದಲಾವಣೆಗಳ ದಿನಚರಿಯ ಮೂಲಕ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತದೆ. ಆ ಸಂದಿಯಲ್ಲಿ ಎರಡೂ ಕಡೆ ಬರೆಯಲು ಬಿಟ್ಟಿದ್ದರೆ, ಎರಡೂ ತಂತಮ್ಮ ಹೊಸ ದಾಖಲೆಗೆ 501 ಎಂಬ ಒಂದೇ ಐಡಿಯನ್ನು (ಗುರುತಿನ ಸಂಖ್ಯೆಯನ್ನು) ಹಂಚಿ ಕೂತಿರುತ್ತವೆ.

ಇದಕ್ಕೊಂದು ಸೊಗಸಾದ ಮದ್ದಿದೆ. ಐಡಿಯನ್ನು ತಾನಾಗಿ ಏರಿಸುತ್ತಾ ಹೋಗುವ ‘ಆಟೋ ಇನ್‌ಕ್ರಿಮೆಂಟ್‌’ನ ಹೆಜ್ಜೆ ಎರಡರಲ್ಲೂ 2. ಆಫ್‌ಸೆಟ್, ಅಂದರೆ ಎಣಿಕೆ ಶುರುವಾಗುವ ಸಂಖ್ಯೆ, ಒಂದಕ್ಕೆ 1, ಇನ್ನೊಂದಕ್ಕೆ 2. ದೇವಸ್ಥಾನದ ಎರಡು ಸೇವಾ ಕೌಂಟರ್‌ಗಳಿಗೆ ಬೆಸ ಸಂಖ್ಯೆಯದೊಂದು, ಸಮ ಸಂಖ್ಯೆಯದೊಂದು ರಸೀದಿ ಪುಸ್ತಕ ಕೊಟ್ಟಂತೆ. ಒಬ್ಬರನ್ನೊಬ್ಬರು ಕೇಳುವ ಗೊಡವೆಯೇ ಇಲ್ಲ. ಮುಂದೆ ಸರ್ವರ್ ಹೆಚ್ಚಬಹುದು ಅನ್ನಿಸಿದರೆ ಹೆಜ್ಜೆಯನ್ನು ಈಗಲೇ 10 ಮಾಡಿಡಿ. ಆಗ ಸಂಖ್ಯೆಗಳೂ ಹತ್ತು ಪಟ್ಟು ಬೇಗ ಖರ್ಚಾಗುತ್ತವೆ, ಹಾಗಾಗಿ ಐಡಿ ಕಾಲಂ ತೀರಾ ದೊಡ್ಡ ಸಂಖ್ಯೆಗಳೂ ಹಿಡಿಸುವ ‘ಬಿಗ್‌ಇಂಟ್’ ಬಗೆಯದಿರಲಿ.

ಇದನ್ನು ಓಡುತ್ತಿರುವ ಸರ್ವರ್‌ಗೆ ‘ಸೆಟ್ ಗ್ಲೋಬಲ್’ ಎಂಬ ಆದೇಶದಲ್ಲಷ್ಟೇ ಹೇಳಿ ಕೈತೊಳೆದುಕೊಳ್ಳಬೇಡಿ. ಆಗಲೇ ತೆರೆದಿರುವ ಕನೆಕ್ಷನ್‌ಗಳು ಹಳೆಯ ಹೆಜ್ಜೆಯಲ್ಲೇ ನಡೆಯುತ್ತವೆ. ಸರ್ವರ್ ರೀಸ್ಟಾರ್ಟ್ ಆದರೆ ಹೆಜ್ಜೆ, ಆಫ್‌ಸೆಟ್ ಎರಡೂ ಮತ್ತೆ 1. ಸರ್ವರ್ ಶುರುವಾಗುವಾಗ ಓದುವ ಕಾನ್ಫಿಗ್ ಫೈಲ್‌ನಲ್ಲಿ ಬರೆದಿಡಿ. ಬರೆಯದಿದ್ದರೆ ಒಂದು ದಿನ ‘ಈ ಐಡಿ ಆಗಲೇ ಇದೆ’ ಎನ್ನುವ 1062 ಎಂಬ ಎರರ್ ಬಂದು ರೆಪ್ಲಿಕೇಶನ್ ನಿಲ್ಲುತ್ತದೆ. ‘ಸ್ಕಿಪ್ ಮಾಡಿ, ಸರಿಹೋಗುತ್ತೆ’ ಎಂದು ಸಲಹೆ ಕೊಡುವವರಿಗೆ ಬರವಿಲ್ಲ. ಸ್ಕಿಪ್ ಮಾಡಿದರೆ ಸರಿಹೋಗುವುದು ಎರರ್ ಮಾತ್ರ. ಅಂದಿನಿಂದ ಎರಡು ಸರ್ವರ್‌ಗಳ ಲೆಕ್ಕ ಬೇರೆಬೇರೆ.

ಇಷ್ಟಾಗಿಯೂ ಬೆಸ-ಸಮ ಕಾಯುವುದು ಐಡಿಯನ್ನಷ್ಟೇ, ಅರ್ಥವನ್ನಲ್ಲ. ಒಂದೇ ಮೊಬೈಲ್ ನಂಬರಿನ ಗ್ರಾಹಕ ಒಂದು ಕಡೆ 501, ಇನ್ನೊಂದು ಕಡೆ 502 ಆಗಿ ನೋಂದಾಯಿಸಿಕೊಳ್ಳಬಹುದು. ಒಂದೇ ನಂಬರು ಎರಡು ಸಾಲಿನಲ್ಲಿ ಬರದಂತೆ ಕಾಯುವ ‘ಯೂನಿಕ್ ಇಂಡೆಕ್ಸ್’ ಇಲ್ಲದಿದ್ದರೆ ಎರಡೂ ಉಳಿಯುತ್ತವೆ. ಇದ್ದರೆ ಎರಡೂ ಕಡೆ ಮತ್ತದೇ 1062. ಮೈಎಸ್‌ಕ್ಯೂಎಲ್‌ನ 5.6ನೇ ಆವೃತ್ತಿಯಲ್ಲಿ ಬಂದ ಜಿಟಿಐಡಿ, ಅಂದರೆ ಪ್ರತಿ ಟ್ರಾನ್ಸಾಕ್ಷನ್‌ಗೂ (ಒಟ್ಟಾಗಿ ಕಮಿಟ್ ಆಗುವ ಬರಹಕ್ಕೂ) ಹಚ್ಚುವ ಗುರುತು, ಒಂದೇ ಟ್ರಾನ್ಸಾಕ್ಷನ್ ಎರಡು ಸಲ ನಡೆಯದಂತೆ ತಡೆಯುತ್ತದೆ, ನಿಜ. ಆದರೆ ಇವು ಎರಡು ಬೇರೆ ಟ್ರಾನ್ಸಾಕ್ಷನ್‌ಗಳು! ‘ಟೈಮ್‌ಸ್ಟ್ಯಾಂಪ್ ನೋಡಿ ಕೊನೆಯದನ್ನು ಇಟ್ಟುಕೊಂಡರಾಯಿತು’ ಅನ್ನುವವರು ಎರಡು ಯಂತ್ರಗಳ ಗಡಿಯಾರ ಕೂಡುತ್ತದೆಂದು ನಂಬಿದವರು. ಆ ನಂಬಿಕೆ ಬಿಟ್ಟು, ಘಟನೆಗಳ ಹಿಂದುಮುಂದನ್ನು ಸಂದೇಶಗಳಿಂದಲೇ ಗುರುತಿಸುವ ಬಗೆಯನ್ನು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ತೋರಿಸಿದ್ದರು.

ಹಾಗಾಗಿ ಬರೆಯುವ ಹಕ್ಕು ಒಂದೇ ಸರ್ವರ್‌ಗೆ ಇರಲಿ. ಇನ್ನೊಂದರಲ್ಲಿ ಅಡ್ಮಿನ್‌ಗೂ ಬರೆಯಲು ಬಿಡದ ‘ಸೂಪರ್ ರೀಡ್ ಓನ್ಲಿ’ ಆನ್. ರೆಪ್ಲಿಕೇಶನ್‌ಗೆ ಅದು ಅಡ್ಡಿಯಾಗದು. ಅಪ್ಲಿಕೇಶನ್ ಪ್ರತಿ ಕೋರಿಕೆಗೂ ತಾನೇ ಒಂದು ಯುಯುಐಡಿ (ಮತ್ತೊಂದಕ್ಕೆ ಹೊಂದದಷ್ಟು ಉದ್ದನೆಯ ಗುರುತು) ಹಚ್ಚಿ ಕಳಿಸಲಿ, ಆ ಕಾಲಂಗೆ ಯೂನಿಕ್ ಇಂಡೆಕ್ಸ್ ಇರಲಿ. ಟೈಮ್‌ಔಟ್ ಆಗಿ ಅದೇ ಕೋರಿಕೆ ಮತ್ತೆ ಬಂದರೂ ಎರಡನೇ ಸಾಲು ಹುಟ್ಟುವುದಿಲ್ಲ.

ಅಪಾಯವಿರುವುದು ಹಕ್ಕು ಕೈಬದಲಾಗುವಾಗ. 2018ರ ಅಕ್ಟೋಬರ್ 21ರಂದು, ಪ್ರೋಗ್ರಾಮರ್‌ಗಳು ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಅಮೆರಿಕದ ಪೂರ್ವ ಕರಾವಳಿಯ ಡೇಟಾ ಸೆಂಟರ್‌ನ ಸಂಪರ್ಕ 43 ಸೆಕೆಂಡು ಕಡಿಯಿತು. ಪಶ್ಚಿಮದ ಸರ್ವರ್‌ಗಳು ತಾವಾಗಿ ಮುಖ್ಯವಾದವು. ಪೂರ್ವದಲ್ಲಿ ಬರೆದದ್ದು ಕೆಲವು ಅವಕ್ಕೆ ತಲುಪಿರಲಿಲ್ಲ. ಸೇವೆ ಪೂರ್ತಿ ಸರಿಯಾಗಲು 24 ಗಂಟೆ 11 ನಿಮಿಷ ಹಿಡಿಯಿತು. ಹಕ್ಕು ಬದಲಿಸುವಾಗ ಮೊದಲು ಹಳೆಯದನ್ನು ರೀಡ್ ಓನ್ಲಿ ಮಾಡಿ, ಅದರ ಕೊನೆಯ ಜಿಟಿಐಡಿ ಹೊಸದಕ್ಕೆ ಮುಟ್ಟಿದೆಯೇ ನೋಡಿ, ಆಮೇಲೆ ಹೊಸದರಲ್ಲಿ ಬರೆಯಲು ಬಿಡಿ. ಹಳೆಯದು ಕೈಗೇ ಸಿಗುತ್ತಿಲ್ಲವೆಂದರೆ, ಕೊನೆಯ ಕೆಲವು ಬರಹಗಳು ಹೋದರೂ ಸರಿ ಎಂದು ತೀರ್ಮಾನಿಸಿ ಅದರ ಪವರ್ ಕಿತ್ತ ಮೇಲೆಯೇ.