ಪುಕ್ಕಟೆ ಸಿಕ್ಕ ಕನ್ನಡ ಫಾಂಟಿನಲ್ಲಿ ಪುಸ್ತಕ ಅಚ್ಚು ಹಾಕಿಸಬಹುದಾ?

ಪ್ರಶ್ನೆ: ಅಮ್ಮನ ಕವನಗಳ ಪುಸ್ತಕ ಮಾಡುತ್ತಿದ್ದೇನೆ. 200 ಪ್ರತಿ, ಮಾರಾಟಕ್ಕೆ. ಫಾಂಟ್ ನೆಟ್‌ನಲ್ಲಿ ಫ್ರೀಯಾಗಿ ಸಿಕ್ಕಿದ್ದು. ಮುಂದೆ ಯಾರಾದರೂ ತಕರಾರು ತೆಗೆಯಬಹುದಾ?

ತೆಗೆಯಲೂಬಹುದು. ಫಾಂಟ್ ಫ್ರೀಯಾಗಿ ಸಿಕ್ಕಿತು ಅನ್ನುವುದು ಅದಕ್ಕೆ ಉತ್ತರ ಅಲ್ಲ. ಅದರ ಜೊತೆ ಬಂದ ಲೈಸೆನ್ಸ್‌ನಲ್ಲಿ ಏನಿದೆ ಅನ್ನುವುದು ಉತ್ತರ.

ಇಂಗ್ಲಿಷಿನವರು ಎರಡು ಅರ್ಥಕ್ಕೂ ‘ಫ್ರೀ’ ಅಂದುಬಿಟ್ಟು ಒದ್ದಾಡುತ್ತಾರೆ. ನಮಗೆ ಆ ಗೋಜಿಲ್ಲ. ಬಿಟ್ಟಿ ಬೇರೆ, ಮುಕ್ತ ಬೇರೆ. ಬಿಟ್ಟಿ ಅಂದರೆ ದುಡ್ಡು ಕೊಡಬೇಕಿಲ್ಲ, ಅಷ್ಟೇ. ಮುಕ್ತ ಅಂದರೆ ಬಳಸಲು, ಬಿಚ್ಚಿ ನೋಡಲು, ತಿದ್ದಲು, ಹಂಚಲು ಒಪ್ಪಿಗೆ ಇದೆ ಅಂತ. ಇಷ್ಟು ಒಳ್ಳೆಯ ಎರಡು ಪದ ಇಟ್ಟುಕೊಂಡೂ ನಾವೂ ಫ್ರೀ ಫ್ರೀ ಅನ್ನುತ್ತೇವಲ್ಲ, ಅದೇ ಬೇಜಾರು.

ಫಾಂಟ್ ಜಿಪ್ ಫೈಲ್ ಬಿಚ್ಚಿ ನೋಡಿ. ಒಳಗೆ ‘ಒಎಫ್‌ಎಲ್’ ಅಂತ ಹೆಸರಿರುವ ಟೆಕ್ಸ್ಟ್ ಫೈಲ್ ಇದ್ದರೆ ಆರಾಮಾಗಿರಿ. ಅದು ಎಸ್‌ಐಎಲ್ ಸಂಸ್ಥೆಯ ಓಪನ್ ಫಾಂಟ್ ಲೈಸೆನ್ಸ್. ಈಗ ಚಾಲ್ತಿಯಲ್ಲಿರುವ 1.1 ಆವೃತ್ತಿ 2007ರದ್ದು. ಇದರಡಿ ಬಂದ ಫಾಂಟಿನಲ್ಲಿ ಪುಸ್ತಕ ಅಚ್ಚು ಹಾಕಿಸಿ ಮಾರಬಹುದು, ಬೋರ್ಡ್ ಬರೆಸಬಹುದು. ಫಾಂಟ್ ಫೈಲನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೇ. ‘ಪರ್ಸನಲ್ ಯೂಸ್ ಓನ್ಲಿ’ ಅಂತ ಇದ್ದರೆ ಮಾರುವ ಪುಸ್ತಕಕ್ಕೆ ಅದು ಬೇಡ. ಲೈಸೆನ್ಸೇ ಕಾಣದಿದ್ದರೂ ಬಿಟ್ಟುಬಿಡಿ.

ಕನ್ನಡದಲ್ಲಿ ಒಎಫ್‌ಎಲ್ ಫಾಂಟುಗಳಿಗೆ ಈಗ ಬರವಿಲ್ಲ. ನೋಟೋ ಸೆರಿಫ್ ಕನ್ನಡ ಇದೆ. ದಪ್ಪ ದುಂಡನೆಯ ಬಲೂ ತಮ್ಮ ಇದೆ, ಶೀರ್ಷಿಕೆಗೆ ಚಂದ. ಕವನಕ್ಕೆ ನನ್ನ ಓಟು ಟೀರೋ ಕನ್ನಡಕ್ಕೆ. ಭಾರತದ ಹಳೆಯ ಸಾಹಿತ್ಯವನ್ನು ಇಂಗ್ಲಿಷ್ ಅನುವಾದದ ಜೊತೆ ಪ್ರಕಟಿಸುವ ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಿಗೆಂದೇ ಹುಟ್ಟಿದ ಅಕ್ಷರ ಅದು. ಕಾಗದದ ಮೇಲೆ ಕಣ್ಣಿಗೆ ಹಿತ.

ತಿದ್ದುವ ಹಕ್ಕು ನಮಗ್ಯಾಕೆ ಅಂತ ಅನಿಸಬಹುದು. ನನಗೂ ಹಾಗೇ ಅನಿಸುತ್ತಿತ್ತು. ಒಮ್ಮೆ ಅಜ್ಜಿಯ ಸೋಬಾನೆ ಪದಗಳ ಪುಟ್ಟ ಪುಸ್ತಕ ಮಾಡುತ್ತಿದ್ದೆ. ಪುಟದಲ್ಲಿ ‘ಸ್ತ್ರೀ’ ಬಂದಲ್ಲೆಲ್ಲ ರಗಳೆ. ಸ ಕೆಳಗೆ ತ ಒತ್ತು, ಅದರ ಜೊತೆಗೆ ರ ಒತ್ತು. ಎರಡೂ ಇಳಿದು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ! ಸಾಲುಗಳ ಅಂತರ ಹೆಚ್ಚಿಸಿದರೆ ಪುಟ ಜಾಸ್ತಿ, ಖರ್ಚೂ ಜಾಸ್ತಿ. ಫಾಂಟ್ ಮುಕ್ತವಾಗಿತ್ತು. ಫಾಂಟ್‌ಫೋರ್ಜ್ ಅನ್ನುವ ತಂತ್ರಾಂಶದಲ್ಲಿ ತೆರೆದೆ. ಅದೂ ಮುಕ್ತವೇ. ರ ಒತ್ತನ್ನು ಚೂರು ಕುಗ್ಗಿಸಿ ಮೇಲೆತ್ತಿದೆ. ಅಷ್ಟು ಮಾಡಲು ಎರಡು ರಾತ್ರಿ ಹೋಯಿತು, ಸುಳ್ಳು ಹೇಳುವುದಿಲ್ಲ. ಮೊದಲ ರಾತ್ರಿ ‘ಪ್ರ’, ‘ಕ್ರ’ ಎಲ್ಲವೂ ಕೆಟ್ಟು ಕೂತಿದ್ದವು. ಆಮೇಲೆ ಅಕ್ಷರ ನೋಡುವ ಚಟವೇ ಹತ್ತಿತು. ಈಗ ಬಸ್ಸಿನ ಬೋರ್ಡ್ ಕಂಡರೂ ಒತ್ತು ಎಲ್ಲಿ ಕೂತಿದೆ ಅಂತ ನೋಡುತ್ತೇನೆ.

ತಿದ್ದಿದ ಫಾಂಟನ್ನು ಬೇರೆಯವರಿಗೆ ಕೊಡುವಾಗ ಒಂದು ಎಚ್ಚರ. ಮೂಲದವರು ಹೆಸರನ್ನು ಕಾಯ್ದಿರಿಸಿದ್ದರೆ ನೀವು ಬೇರೆ ಹೆಸರಿಡಬೇಕು. ಲೈಸೆನ್ಸ್ ಮಾತ್ರ ಅದೇ ಇರಬೇಕು. ನ್ಯಾಯವೇ ಅಲ್ವಾ? ನಾನು ಕೆಡಿಸಿದ್ದಕ್ಕೆ ಅವರು ಯಾಕೆ ಬೈಸಿಕೊಳ್ಳಬೇಕು!

ವಿಂಡೋಸ್ ಜೊತೆ ಬರುವ ತುಂಗಾ, ನಿರ್ಮಲಾ ಫಾಂಟುಗಳ ಕಥೆ ಬೇರೆ. ನಿಮ್ಮ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಮುದ್ರಿಸಲು ಅಡ್ಡಿಯಿಲ್ಲ. ಆದರೆ ಆ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಡಿಟಿಪಿ ಅಂಗಡಿಗೆ ಕೊಡುವಂತಿಲ್ಲ. ಒಎಫ್‌ಎಲ್ ಫಾಂಟನ್ನು ಲೈಸೆನ್ಸ್ ಫೈಲ್ ಸಮೇತ ಧಾರಾಳವಾಗಿ ಕೊಡಿ.

ಪ್ರೆಸ್ಸಿಗೆ ಪಿಡಿಎಫ್ ಕಳಿಸುವ ಮೊದಲು ಅದರ ‘ಪ್ರಾಪರ್ಟೀಸ್’ನಲ್ಲಿ ಫಾಂಟುಗಳ ಪಟ್ಟಿ ತೆಗೆದು ನೋಡಿ. ಪ್ರತಿ ಹೆಸರಿನ ಮುಂದೆ ‘ಎಂಬೆಡೆಡ್’ ಅಂತ, ಅಂದರೆ ಫಾಂಟ್ ಪಿಡಿಎಫ್ ಒಳಗೇ ಸೇರಿದೆ ಅಂತ, ಇರಬೇಕು. ಇಲ್ಲದಿದ್ದರೆ ಅಮ್ಮನ ಕವನ ಇರಬೇಕಾದ ಕಡೆ ಬರೀ ಚೌಕಗಳು ಅಚ್ಚಾಗಿ ಬಂದಾವು.