ಚಿಂಪಾಂಜಿಗೆ ಯಾವ ಕೈ ರೂಢಿ?

ಚಿಂಪಾಂಜಿಗಳೂ ನಮ್ಮ ಹಾಗೇ ಬಲಗೈ ಬಳಸುತ್ತವೆ ಅಂತ ಒಂದು ವರದಿ ಬರುತ್ತದೆ. ಸ್ವಲ್ಪ ದಿನ ಬಿಟ್ಟು, ಹಾಗೇನಿಲ್ಲ, ಅದು ಮನುಷ್ಯರಿಗೆ ಮಾತ್ರ ಅಂತ ಇನ್ನೊಂದು. ಎರಡರ ಹಿಂದೆಯೂ ಅಂಕಿಅಂಶ ಇದೆ. ಓದುವವರಿಗೆ ತಲೆ ಕೆಡದೆ ಇನ್ನೇನು?

1860ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ, ಮಾತಿನ ಶಕ್ತಿ ಮೆದುಳಿನ ಎಡಭಾಗದಲ್ಲಿದೆ ಎಂದು ತೋರಿಸಿದರು. ಬಲಗೈಯನ್ನು ಆಡಿಸುವುದೂ ಅದೇ ಎಡಭಾಗ. ಮನುಷ್ಯರಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ಬಲಗೈಯೇ ರೂಢಿ. ಮಾತಿಗೂ ಬಲಗೈಗೂ ಗಂಟು ಹಾಕುವ ಆಸೆ ಹುಟ್ಟಿದ್ದು ಹೀಗೆ. ಮಾತಿಲ್ಲದ ಪ್ರಾಣಿಗೆ ಬಲಗೈ ಒಲವೂ ಇರಲಾರದು ಎಂಬ ನಂಬಿಕೆ ನೂರು ವರ್ಷಕ್ಕೂ ಜಾಸ್ತಿ ಕಾಲ ನಡೆಯಿತು. 1987ರಲ್ಲಿ ಸಂಶೋಧಕ ಪೀಟರ್ ಮ್ಯಾಕ್‌ನೀಲೇಜ್ ಮತ್ತು ಇಬ್ಬರು ಸಂಗಡಿಗರು ಅದನ್ನು ಕೆದಕಿದರು. ಮರದ ಮೇಲಿದ್ದ ಹಳೇ ಪ್ರೈಮೇಟುಗಳು (ಮಂಗ, ವಾನರ, ಮನುಷ್ಯರೆಲ್ಲ ಸೇರುವ ಪ್ರಾಣಿವರ್ಗ) ಬಲಗೈಯಲ್ಲಿ ಕೊಂಬೆ ಹಿಡಿದು ಎಡಗೈಯಲ್ಲಿ ಆಹಾರ ಬಾಚುತ್ತಿದ್ದವು; ನೆಲಕ್ಕಿಳಿದ ಮೇಲೆ ಬಿಡುವಾದ ಬಲಗೈ ನಾಜೂಕು ಕೆಲಸಕ್ಕೆ ಪಳಗಿತು ಅನ್ನೋದು ಅವರ ವಾದ.

ಜಗಳ ಬಿಸಿಯೇರಿದ್ದು ಒಂದು ಪೈಪಿನಿಂದ. ಅಮೆರಿಕದ ಅಟ್ಲಾಂಟಾದ ಯರ್ಕ್ಸ್ ಪ್ರೈಮೇಟ್ ಕೇಂದ್ರದಲ್ಲಿ ಸಂಶೋಧಕ ವಿಲಿಯಂ ಹಾಪ್ಕಿನ್ಸ್ 1990ರ ದಶಕದಲ್ಲಿ ಸರಳವಾದ ಪರೀಕ್ಷೆಯೊಂದನ್ನು ಮಾಡಿದರು. ಚಿಕ್ಕ ಪಿವಿಸಿ ಪೈಪು. ಒಳಗೆ, ಬಾಯಿಗೆ ಎಟುಕದಷ್ಟು ಆಳದಲ್ಲಿ ಪೀನಟ್ ಬಟರ್. ಚಿಂಪಾಂಜಿ ಒಂದು ಕೈಯಲ್ಲಿ ಪೈಪು ಹಿಡಿದು, ಇನ್ನೊಂದು ಕೈಯ ಬೆರಳು ತೂರಿಸಿ, ಕೆರೆದು ನೆಕ್ಕಬೇಕು. ಬೆರಳು ಒಳಗೆ ಹೋದ ಪ್ರತಿ ಸಲಕ್ಕೂ ಒಂದೊಂದು ಲೆಕ್ಕ. ಜಾಣ ಪರೀಕ್ಷೆಯೇ. ಸುಮ್ನೆ ಹಣ್ಣು ಎಸೆದರೆ ಅದು ಬಿದ್ದ ಕಡೆಯ ಕೈ ಚಾಚುತ್ತವೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಪೈಪಿನಲ್ಲಿ ಬಲಗೈ ಬೆರಳು ಹಾಕಿದವು ಎಡಗೈಯವುಗಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಬಂದವು.

ತಕರಾರು ಬಂದದ್ದು ಎಣಿಕೆಯ ಬಗ್ಗೆ. ಕೈ ಬದಲಿಸದೆ ಹತ್ತು ಸಲ ಬೆರಳು ಅದ್ದಿದರೆ ಅದು ಹತ್ತೋ, ಒಂದೋ? ಬಲಗೈ ಬಳಸುವ ಮನುಷ್ಯರ ನಡುವೆ ಬೆಳೆದ ಪ್ರಾಣಿ ಅವರನ್ನೇ ಅನುಕರಿಸಿರಬಹುದಲ್ವಾ? 1997ರಲ್ಲಿ ಮ್ಯಾಕ್‌ಗ್ರೂ ಮತ್ತು ಮಾರ್ಚಂಟ್ ಎಂಬ ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಒಂದೊಂದು ಚಿಂಪಾಂಜಿಗೂ ತನ್ನದೇ ಇಷ್ಟದ ಕೈ ಇರಬಹುದು, ಆದರೆ ಇಡೀ ಗುಂಪು ಒಂದೇ ಕಡೆ ವಾಲಿರುವುದಕ್ಕೆ ಕಾಡಿನಲ್ಲಿ ಗಟ್ಟಿ ಆಧಾರವಿಲ್ಲ ಎಂದರು. 2002ರಲ್ಲಿ ಜೀವವಿಜ್ಞಾನಿ ರಿಚರ್ಡ್ ಪಾಮರ್, ಹಾಪ್ಕಿನ್ಸ್ ಅವರ ಹಿಂದಿನ ಅಂಕಿಗಳನ್ನೇ ಮತ್ತೆ ಹರಡಿಕೊಂಡು ಕೂತರು. ಕಡಿಮೆ ಸಲ ಗಮನಿಸಿದ ಪ್ರಾಣಿಗಳಲ್ಲೇ ಬಲಗೈ ಒಲವು ಜಾಸ್ತಿ ಕಾಣುತ್ತಿತ್ತು, ಹಾಗಾಗಿ ಆ ಒಲವನ್ನು ಪೂರ್ತಿ ನಂಬುವಂತಿರಲಿಲ್ಲ. ಹಾಪ್ಕಿನ್ಸ್ ಕಡೆಯಿಂದಲೂ ಉತ್ತರ ಬಂತು. 2005ರಲ್ಲಿ ಅವರೇ ಎಲಿಜಬೆತ್ ಲಾನ್ಸ್‌ಡಾರ್ಫ್ ಜೊತೆ ಟಾಂಜಾನಿಯಾದ ಗೊಂಬೆ ಎಂಬ ಕಾಡಿನ ಚಿಂಪಾಂಜಿಗಳ ಲೆಕ್ಕ ಕೊಟ್ಟರು. ಅಲ್ಲಿ ಹುತ್ತಕ್ಕೆ ಕಡ್ಡಿ ತೂರಿಸಿ ಗೆದ್ದಲು ಹಿಡಿಯುವಾಗ ಎಡಗೈಯೇ ಮುಂದು! ಪೈಪಿನ ಪರೀಕ್ಷೆಯಲ್ಲಿ ಒರಾಂಗುಟಾನ್‌ಗಳೂ ಎಡಕ್ಕೇ ವಾಲಿದವು.

ಮೆದುಳಿನ ಕಡೆ ಕತೆ ಇನ್ನೂ ಸಿಕ್ಕಾಗಿದೆ. ಮನುಷ್ಯರಲ್ಲಿ ಮಾತು ಅರ್ಥವಾಗುವುದಕ್ಕೆ ನಂಟಿರುವ ಪ್ಲಾನಮ್ ಟೆಂಪೊರಾಲೆ ಎಂಬ ಜಾಗ ಸಾಮಾನ್ಯವಾಗಿ ಎಡಗಡೆ ದೊಡ್ಡದು. 1998ರಲ್ಲಿ ನೋಡಿದ 18 ಚಿಂಪಾಂಜಿ ಮೆದುಳುಗಳಲ್ಲಿ 17ರಲ್ಲಿ ಅದೇ ಕಂಡಿತು. ಮಾತೇ ಆಡದ ಪ್ರಾಣಿಗೆ ಅದು ಯಾಕೆ ಬೇಕು? 2001ರಲ್ಲಿ ಸ್ಕ್ಯಾನ್ ನೋಡಿ, ಬ್ರೋಕಾ ಜಾಗಕ್ಕೆ (ಬ್ರೋಕಾ ಗುರುತಿಸಿದ, ಮಾತಾಡಲು ಬೇಕಾದ ಭಾಗ) ಸಮನಾದ ಭಾಗವೂ ಚಿಂಪಾಂಜಿಯಂಥ ವಾನರಗಳಲ್ಲಿ ಎಡಕ್ಕೆ ದೊಡ್ಡದು ಎಂದರು. 2010ರಲ್ಲಿ ಜೀವಕೋಶಗಳ ಮಟ್ಟದಲ್ಲಿ ಅಳೆದಾಗ ಚಿಂಪಾಂಜಿಗಳಲ್ಲಿ ಅಂಥ ವಾಲು ಸಿಗಲಿಲ್ಲ. ಮನುಷ್ಯನನ್ನು ವಿಕಾಸದ ಕೊನೆಯ ಮೆಟ್ಟಿಲಲ್ಲಿ ನಿಲ್ಲಿಸಿ ಉಳಿದವನ್ನು ಕೆಳಗಿನ ಮೆಟ್ಟಿಲುಗಳಲ್ಲಿ ಹುಡುಕುವ ಅಭ್ಯಾಸವೇ ಅರ್ಧ ಗೊಂದಲಕ್ಕೆ ಮೂಲ ಇದ್ದರೂ ಇರಬಹುದು.

2022ರಲ್ಲಿ 38 ಪ್ರೈಮೇಟ್ ಜಾತಿಗಳ 1,786 ಜೀವಿಗಳ ಲೆಕ್ಕ ಒಟ್ಟಿಗೆ ಬಂತು, ಮನುಷ್ಯರೂ ಸೇರಿ. ನಮ್ಮಷ್ಟು ಬಲಕ್ಕೆ ವಾಲಿದ ಜಾತಿ ಇನ್ನೊಂದಿಲ್ಲ. ಮೆದುಳಿನ ಗಾತ್ರವಾಗಲಿ ಸಲಕರಣೆ ಬಳಕೆಯಾಗಲಿ ಎಡ-ಬಲವನ್ನು ತೀರ್ಮಾನಿಸುವಂತೆ ಕಾಣಲಿಲ್ಲ. ಮ್ಯಾಕ್‌ನೀಲೇಜ್ ಅವರ 1987ರ ವಾದಕ್ಕೂ ಆಧಾರ ಸಿಗಲಿಲ್ಲ. ಎದ್ದು ಕಂಡದ್ದು ಬೇರೆಯದೇ: ನೆಲದಲ್ಲಿ ಓಡಾಡುವ ಜಾತಿಗಳಿಗಿಂತ ಮರದ ಮೇಲಿನವು ತಮ್ಮ ಇಷ್ಟದ ಕೈಗೆ, ಅದು ಯಾವುದೇ ಆಗಲಿ, ಜಾಸ್ತಿ ಅಂಟಿಕೊಂಡಿರುತ್ತವೆ.

ಇದಕ್ಕೆ ಹತ್ತಿರದ ಕೆಲಸವನ್ನು ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಸಂಗಡಿಗರು 2015ರಲ್ಲೇ ಮಾಡಿದ್ದರು, ನಮ್ಮ ಊರುಗಳಲ್ಲಿ ಕಾಣುವ ಬಾನೆಟ್ ಮಂಗಗಳ ಮೇಲೆ. ಎಡಗೈಯೋ ಬಲಗೈಯೋ ಎಂಬುದಕ್ಕೆ ಅವರು ಜೋತುಬೀಳಲಿಲ್ಲ. ಒಂದು ಕೈ ತಿಂಡಿ ಎಟುಕಿಸಿಕೊಳ್ಳುವಂಥ ಚುರುಕು ಕೆಲಸಕ್ಕೆ, ಇನ್ನೊಂದು ಹತ್ತುವಂಥ ಶಕ್ತಿಯ ಕೆಲಸಕ್ಕೆ ಅಂತ ಹಂಚಿಕೊಂಡರೆ ಲಾಭವೇನು ಅಂತ ಕೇಳಿದರು. ಹೀಗೆ ಹಂಚಿಕೊಳ್ಳುವುದಕ್ಕೂ ತಿಂಡಿ ಬೇಗ ಹೊರತೆಗೆಯುವುದಕ್ಕೂ ನಂಟು ಸಿಕ್ಕಿತು.